ಮಳೆ ಕೈಕೊಟ್ಟ ವರ್ಷ ತಾಲ್ಲೂಕು ಪೇಟೆಯ ದಿನಸಿ ಅಂಗಡಿ ಉಳಿಯೋದು ಹೇಗೆ?

ಚಳ್ಳಕೆರೆ ದಿನಸಿ

ನಮ್ಮ ಕಡೆ ಪೇಟೆ ಮಂದವಾಗೋದು ಮಳೆ ಹೋದಾಗ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅಂಥ ವರ್ಷ ಅಂಗಡಿ ಮುಚ್ಚೋ ಸ್ಥಿತಿ ಯಾಕೆ ಬರುತ್ತೆ, ತಪ್ಪಿಸೋಕೆ ಏನೇನು ಮಾಡಬಹುದು ಅಂತ ಲೆಕ್ಕ ಇಟ್ಟು ಮಾತಾಡೋಣ ಅಂತ ಈ ಚರ್ಚೆ. ಪ್ರತಿ ಬರಹದ ಮೇಲಿರೋದು ಬರೆದವರ ಹೆಸರು.

ಮಾತಿಗೆ ಒಂದು ಅಂಗಡಿ ಇಟ್ಟುಕೊಳ್ಳೋಣ. ತಿಂಗಳಿಗೆ 4 ಲಕ್ಷ ವ್ಯಾಪಾರ ಇದ್ದದ್ದು 2.8 ಲಕ್ಷಕ್ಕೆ ಇಳಿದಿದೆ. ಎಲ್ಲ ಸಾಮಾನು ಸೇರಿ ಲಾಭದ ಪಾಲು ಸರಾಸರಿ ನೂರಕ್ಕೆ 12. ಬಾಡಿಗೆ 8,000, ಕೆಲಸದ ಹುಡುಗನ ಸಂಬಳ 9,000, ಕರೆಂಟು 3,500, ಸಾಲದ ಕಂತು 6,000. ಅಂಗಡಿಯಲ್ಲಿರೋ ಮಾಲು ಅಸಲಿನಲ್ಲಿ 5 ಲಕ್ಷ. ಉದ್ರಿ 1.6 ಲಕ್ಷ.

ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ತಲೆಗೆ ಬರೋದು ಮೂರೇ: ರೇಟು ಇಳಿಸೋದು, ಸಾಲ ಎತ್ತೋದು, ಹುಡುಗನನ್ನ ಬಿಡಿಸೋದು. ಇವುಗಳಲ್ಲಿ ಮೊದಲು ಯಾವುದು?

ಲೆಕ್ಕದ ಪುಸ್ತಕ

ಮೂರರಲ್ಲಿ ಯಾವುದೂ ಮೊದಲಲ್ಲ ಸರ್. ನೀವು ಕೊಟ್ಟ ಅಂಕಿಯನ್ನೇ ಹಿಡಿದು ನೋಡೋಣ.

ಬಾಡಿಗೆ, ಸಂಬಳ, ಕರೆಂಟು, ಕಂತು ಕೂಡಿಸಿದರೆ 26,500. ನೂರಕ್ಕೆ 12ರ ಲಾಭದಲ್ಲಿ ಇಷ್ಟು ಹುಟ್ಟಬೇಕಾದರೆ ತಿಂಗಳಿಗೆ ಸುಮಾರು 2.21 ಲಕ್ಷ ವ್ಯಾಪಾರ ಬೇಕು. ಮನೆ ಖರ್ಚಿಗೆ 15,000 ಸೇರಿಸಿದರೆ 3.46 ಲಕ್ಷ. ಈಗ ಆಗುತ್ತಿರುವುದು 2.8 ಲಕ್ಷ, ಅದರಲ್ಲಿ ಬರುವ ಲಾಭ 33,600. ಅಂದರೆ ಅಂಗಡಿಗೆ ನಷ್ಟವಿಲ್ಲ, ಮನೆಗೆ ಮಾತ್ರ 7,900 ಕಮ್ಮಿ ಬೀಳುತ್ತಿದೆ. ಈ ಎರಡನ್ನು ಬೇರೆ ಬೇರೆ ಬರೆದಿಡದಿದ್ದರೆ ಅಂಗಡಿಯೇ ಮುಳುಗಿತು ಅನ್ನಿಸುತ್ತದೆ, ಗಾಬರಿಯಲ್ಲಿ ರೇಟು ಇಳಿಸಿಬಿಡುತ್ತಾರೆ.

ರೇಟು ಇಳಿಸಿದರೆ ಏನಾಗುತ್ತದೆ ನೋಡಿ. 100 ರೂಪಾಯಿಯ ಮಾಲಿನಲ್ಲಿ 12 ಉಳಿಯುತ್ತಿತ್ತು. 5 ರೂಪಾಯಿ ಬಿಟ್ಟರೆ ಉಳಿಯೋದು 7. ಅಷ್ಟೇ ಲಾಭ ಬರಬೇಕಾದರೆ ಮೊದಲಿಗಿಂತ ನೂರಕ್ಕೆ 71ರಷ್ಟು ಹೆಚ್ಚು ಮಾಲು ಹೋಗಬೇಕು. ಊರಲ್ಲಿ ದುಡ್ಡೇ ಇಲ್ಲದಾಗ ಅದು ಆಗದ ಮಾತು.

ಈಗ ಮಾಲಿಗೆ ಬನ್ನಿ. 2.8 ಲಕ್ಷದ ವ್ಯಾಪಾರದ ಅಸಲು ಸುಮಾರು 2.46 ಲಕ್ಷ, ದಿನಕ್ಕೆ 8,200. ಅಂಗಡಿಯಲ್ಲಿ 5 ಲಕ್ಷದ ಮಾಲಿದೆ ಅಂದರೆ 61 ದಿನದ ಮಾಲು. ಮೊದಲು ಇದೇ 5 ಲಕ್ಷ 43 ದಿನದ ಮಾಲಾಗಿತ್ತು. ವ್ಯಾಪಾರ ಇಳಿದರೂ ಖರೀದಿ ಹಳೆಯ ಕೈಯಲ್ಲೇ ನಡೆದಿದೆ. ಇದನ್ನು 35 ದಿನಕ್ಕೆ ತಂದರೆ 2 ಲಕ್ಷಕ್ಕೂ ಮೇಲೆ ದುಡ್ಡು ಕೈಗೆ ಬರುತ್ತದೆ, ಬಡ್ಡಿ ಇಲ್ಲದೆ. ಬ್ಯಾಂಕಿಗೆ ಹೋಗುವ ಮುಂಚೆ ಆ ದುಡ್ಡು ಬಿಡಿಸಿಕೊಳ್ಳಿ. ಅಂಗಡಿಗಳು ಮುಚ್ಚುವುದು ಬಹುಪಾಲು ನಷ್ಟದಿಂದಲ್ಲ. ಲಾಭವಿದ್ದೂ ದುಡ್ಡು ಅಟ್ಟದ ಮೇಲೆ ಮತ್ತು ಉದ್ರಿ ಪುಸ್ತಕದಲ್ಲಿ ಕೂತಿರುತ್ತದೆ, ಸೋಮವಾರ ಬಂದ ಸಪ್ಲೈಯರಿಗೆ ಕೊಡೋಕೆ ಇರುವುದಿಲ್ಲ.

ಸಗಟು ಸಾಲು

ಲೆಕ್ಕದ ಪುಸ್ತಕ ಮೇಡಂ ಹೇಳಿದ 61 ದಿನವನ್ನ 35ಕ್ಕೆ ಇಳಿಸೋ ದಾರಿ. ಒಂದು ಭಾನುವಾರ ಮಧ್ಯಾಹ್ನ ಸಾಕು.

ಪ್ರತಿ ಅಂಕಣದ ಮುಂದೆ ನಿಂತು ಹಿಂದಿನ ಸಾಲಿನ ಪ್ಯಾಕೆಟ್ ತೆಗೆದು ಮೇಲೆ ಬೆರಳು ಎಳೆಯಿರಿ. ಗೆರೆ ಮೂಡುವಷ್ಟು ಧೂಳಿದ್ದರೆ ಅದು ತಿಂಗಳಿಂದ ಅಲ್ಲೇ ಕೂತಿದೆ. ಹೆಸರು, ಎಷ್ಟಿದೆ, ಅವಧಿ ಯಾವಾಗ ಮುಗಿಯುತ್ತೆ, ಯಾವ ಸಪ್ಲೈಯರದ್ದು ಅಂತ ಬರೆಯಿರಿ. ಪಟ್ಟಿಯಲ್ಲಿ ಬರೋದು ಹೆಚ್ಚಾಗಿ ದೊಡ್ಡ ಪ್ಯಾಕಿನ ಹಾರ್ಲಿಕ್ಸ್ ಥರದ ಪುಡಿ, ದುಬಾರಿ ಬಿಸ್ಕತ್ತು, ಸುಗಂಧದ ಸೋಪು, ನೂಡಲ್ಸಿನ ದೊಡ್ಡ ಕಟ್ಟು. ಬಿಗಿ ಬಂದಾಗ ಮನೆಯವರು ಮೊದಲು ಕೈಬಿಡೋದು ಇವನ್ನೇ. ಅದೇ ಜನ ಅದೇ ಶಾಂಪೂವನ್ನ ಒಂದೆರಡು ರೂಪಾಯಿಯ ಸ್ಯಾಷೆಯಲ್ಲಿ ತಗೋತಾರೆ, ಎಣ್ಣೆಯನ್ನ ಕಾಲು ಲೀಟರ್ ತಗೋತಾರೆ. ಗಿರಾಕಿ ಹೋಗಿಲ್ಲ, ಅಳತೆ ಬದಲಾಗಿದೆ.

ಅವಧಿಗೆ 2 ತಿಂಗಳಿಗಿಂತ ಹೆಚ್ಚು ಇರೋ ಮಾಲನ್ನ ಸೇಲ್ಸ್‌ಮ್ಯಾನ್ ಬಂದ ದಿನವೇ ತೋರಿಸಿ, ಓಡೋ ಮಾಲಿಗೆ ಬದಲಾಯಿಸಿಕೊಡಿ ಅಂತ ಕೇಳಿ. ದುಡ್ಡು ವಾಪಸ್ ಕೇಳಿದರೆ ಯಾರೂ ಒಪ್ಪಲ್ಲ, ಬದಲಿ ಮಾಲಿಗೆ ಒಪ್ಪೋರು ಇರ್ತಾರೆ, ಯಾಕಂದ್ರೆ ಅವರು ಅದನ್ನ ಇನ್ನೊಂದು ಪೇಟೆಯಲ್ಲಿ ಮಾರಬಹುದು. ಅವಧಿ ಮುಗಿದ ಮೇಲೆ ತೋರಿಸಿದರೆ ಕ್ಲೇಮ್ ಕಂಪನಿವರೆಗೆ ಹೋಗಬೇಕು, ಕ್ರೆಡಿಟ್ ನೋಟ್ (ಮುಂದಿನ ಬಿಲ್ಲಿನಲ್ಲಿ ಕಳೆಯೋ ಚೀಟಿ) ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ಬಾಯಿಮಾತಿಗೆ ಬಿಡಬೇಡಿ, ವಾಪಸ್ ಕೊಟ್ಟ ಮಾಲಿಗೆ ಅವತ್ತೇ ಚೀಟಿ ಬರೆಸಿಕೊಳ್ಳಿ.

ಸ್ಕೀಮು. 12 ತಗೊಂಡ್ರೆ 1 ಫ್ರೀ ಅಂದರೆ 13ರಲ್ಲಿ 1, ನೂರಕ್ಕೆ 7.7. ಒಳ್ಳೇದೇ. ಆದರೆ ಅದಕ್ಕೆ 4 ತಿಂಗಳಿಗೆ ಆಗೋಷ್ಟು ಮಾಲು ಎತ್ತಬೇಕಾದರೆ ಸರಾಸರಿ 2 ತಿಂಗಳು ದುಡ್ಡು ಕೂತಂತೆ. ತಿಂಗಳಿಗೆ ನೂರಕ್ಕೆ 2 ಬಡ್ಡಿ ಹಿಡಿದರೂ 4 ಹೋಯ್ತು. ಇಲಿ ಕಡಿದದ್ದು, ಅವಧಿ ಮೀರಿದ್ದು ಬೇರೆ. ಬರದ ವರ್ಷ ತಿಂಗಳೊಳಗೆ ಖಾಲಿಯಾಗೋ ಮಾಲಿಗೆ ಮಾತ್ರ ಸ್ಕೀಮ್ ಒಪ್ಪಿ.

ಇದಕ್ಕೆ ತಿರುಗಿದ್ದು ಕ್ಯಾಶ್ ಡಿಸ್ಕೌಂಟ್. 21 ದಿನದ ಬದಲು 7 ದಿನದಲ್ಲಿ ಕೊಟ್ಟರೆ ನೂರಕ್ಕೆ 2 ಬಿಡ್ತೀವಿ ಅಂತ ಸಪ್ಲೈಯರ್ ಹೇಳಿದರೆ ಬಿಡಬೇಡಿ. 14 ದಿನಕ್ಕೆ 2 ಅಂದರೆ ವರ್ಷದ ಲೆಕ್ಕದಲ್ಲಿ ನೂರಕ್ಕೆ 50 ದಾಟುತ್ತೆ. ಧೂಳು ಹಿಡಿದ ಮಾಲು ಮಾರಿ ಬಂದ ದುಡ್ಡು ಮೊದಲು ಇಲ್ಲಿಗೆ ಹೋಗಲಿ.

ಬಿಡಿ ಮಾಲಿನ ಬಗ್ಗೆ ಒಂದು ಎಚ್ಚರಿಕೆ. ರವೆ, ಮೈದಾ, ಕಡಲೆಹಿಟ್ಟಿಗೆ ತೇವದ ದಿನದಲ್ಲಿ ಬೇಗ ಹುಳ ಬೀಳುತ್ತೆ, ಬೆಲ್ಲ ನೀರು ಬಿಡುತ್ತೆ. ಸಗಟು ರೇಟು ಸಿಗುತ್ತೆ ಅಂತ ದೊಡ್ಡ ಚೀಲ ಎತ್ತಬೇಡಿ, ಹದಿನೈದು ದಿನಕ್ಕೆ ಆಗೋಷ್ಟು ಸಾಕು.

ಬ್ಯಾಡಗಿ ಪ್ಯಾಟಿ

ಎಲ್ಲಾರೂ ಛಲೋ ಬರದೀರಿ. ಒಂದ ಮಾತು ಸೇರಸ್ತೀನ್ರಿ. ಬರ ಅಂಗಡಿಗೆ ಒಮ್ಮಿಗೇ ಬರಂಗಿಲ್ಲ, ನಾಕ್ ತಿಂಗಳ ಮೊದಲ ಹೇಳಿ ಬರ್ತದ.

ಮುಂಗಾರಿ ಪೀಕಿನ ರೊಕ್ಕ ರೈತನ ಕೈಗೆ ಬರೂದು ದೀಪಾವಳಿಯಿಂದ ಸಂಕ್ರಾಂತಿ ತನಕ. ಜುಲೈ-ಆಗಸ್ಟ್‌ದಾಗ ಮಳಿ ಹೋತು ಅಂದ್ರ ನವೆಂಬರ್‌ದಾಗ ವ್ಯಾಪಾರ ಬೀಳ್ತದ. ನಡುವ ಮೂರ್ನಾಕ್ ತಿಂಗಳು ಟೈಮ್ ಅದ. ಆದ್ರ ಆಗಸ್ಟ್‌ದಾಗ ಗಲ್ಲೆ ಇನ್ನೂ ಛಲೋ ಕಾಣ್ತಿರ್ತದ, ಅದಕ್ಕ ಅಂಗಡಿಯವ್ರು ಗಣಪತಿ, ದಸರಾ, ದೀಪಾವಳಿ ಮಾಲು ಪ್ರತಿವರ್ಷದ ಹಂಗ ತುಂಬತಾರ. ಅಲ್ಲೇ ಸಿಕ್ಕೊಳ್ಳೂದು. ನಿಮ್ಮ ಗಲ್ಲೆ ನೋಡಬ್ಯಾಡ್ರಿ, ಗೊಬ್ಬರದ ಅಂಗಡಿ ನೋಡ್ರಿ. ಮೇಲುಗೊಬ್ಬರ ಯೂರಿಯಾ ಒಯ್ಯಾಕ ಜನ ಬರಲಿಲ್ಲ ಅಂದ್ರ ಪೀಕು ಕೈಬಿಟ್ಟಾರ ಅಂತ ತಿಳಕೋರಿ. ಆ ವಾರದಿಂದನ ಹಬ್ಬದ ಮಾಲು ಅರ್ಧಕ್ಕ ಇಳಸ್ರಿ, ಹೊಸಾ ಉದ್ರಿ ಖಾತೆ ತೆಗಿಯೂದು ಬಂದ್ ಮಾಡ್ರಿ.

ಉದ್ರಿ ವಸೂಲಿನೂ ರೊಕ್ಕ ಬರೂ ದಿನಾ ನೋಡಿ ಕೇಳಬೇಕು. ಹಾಲಿನ ಡೇರಿ ಬಟವಾಡಿ ದಿನ, ಉದ್ಯೋಗ ಖಾತ್ರಿ ಕೂಲಿ ಜಮಾ ಆದ ದಿನ, ಗೃಹಲಕ್ಷ್ಮಿ 2,000 ಬಂದ ದಿನ, ಸಂತಿ ದಿನ. ಉಳದ ದಿನ ಕೇಳಿದ್ರ ಬಾಯಿ ಕೆಡ್ತದ, ರೊಕ್ಕ ಬರಂಗಿಲ್ಲ.

ಚಳ್ಳಕೆರೆ ದಿನಸಿ

ಉದ್ರಿ ಬಂದ್ ಮಾಡಿದ್ರೆ ಗಿರಾಕಿ ಎದುರು ಅಂಗಡಿಗೆ ಹೋಗ್ತಾನೆ, ಹಳೇ ಬಾಕಿನೂ ಹೋಗುತ್ತೆ. ಇದೇ ಭಯಕ್ಕೆ ಕೊಡ್ತಾ ಹೋಗ್ತಾರೆ ಅಲ್ವಾ?

ಬ್ಯಾಡಗಿ ಪ್ಯಾಟಿ

ಖರೆ ಐತ್ರಿ ಅಣ್ಣಾರ. ಅದಕ್ಕ ಪೂರಾ ಬಂದ್ ಮಾಡಬಾರ್ದು, ಹಳೇದು ಹೊಸಾದು ಬ್ಯಾರೆ ಮಾಡಬೇಕು.

ಪ್ರತಿ ಮನಿಗೆ ಎರಡು ಹಾಳಿ. ಒಂದರಾಗ ಇವತ್ತಿನ ತನಕದ ಬಾಕಿ ಬರದು ಗೆರಿ ಎಳೀರಿ. 6,000 ಇತ್ತಂದ್ರ ವಾರಕ್ಕ 200, ಮೂವತ್ತು ವಾರ. ಅದನ್ನ ಅವರ ಎದುರಿಗೇ ಬರೀರಿ. ಇನ್ನೊಂದ ಹಾಳಿ ಹೊಸಾ ವ್ಯವಹಾರಕ್ಕ, ಅದಕ್ಕ ಒಂದು ಮಿತಿ, ಹದಿನೈದು ದಿನಕ್ಕ 500 ಅನ್ರಿ. ಅದು ತೀರಿದ ಮ್ಯಾಲೆನ ಮುಂದಿನ 500. ಹಳೇ ಬಾಕಿ ಒಂದ್ ಕಡೆ ನಿಂತು ಇಳಿಯಾಕತ್ತಿದ್ದು ಕಂಡ್ರ ಗಿರಾಕಿಗೆ ಅಂಗಡಿಗೆ ಬರಾಕ ಮುಜುಗರ ಆಗಂಗಿಲ್ಲ. ಬಾಕಿ ಬೆಳೀತಾ ಹೋದವ್ರ ಎದುರು ಅಂಗಡಿಗೆ ಹೋಗ್ತಾರ, ಮಾರಿ ತೋರಸಾಕ ನಾಚಿಕಿ ಬಂದು.

ಮಿತಿಯೊಳಗ ಏನು ಕೊಡಬೇಕು ಅನ್ನೂದೂ ಐತಿ. ಅಕ್ಕಿ, ಜ್ವಾಳ, ಬ್ಯಾಳಿ, ಎಣ್ಣಿ, ಉಪ್ಪು, ಹಾಲು, ಮಕ್ಕಳ ಔಷಧದಂಥ ಸಾಮಾನು ಉದ್ರಿ. ಸಿಗರೇಟ್, ತಂಪು ಪಾನೀಯ, ರೀಚಾರ್ಜು ರೋಖ. ರೀಚಾರ್ಜಿನಾಗ ಉಳಿಯೂದು ನೂರಕ್ಕ ಎರಡ ಮೂರು ರೂಪಾಯಿ, ಅದನ್ನ ಉದ್ರಿ ಕೊಟ್ರ ನಿಮ್ಮ ಕೈಯಿಂದ ಹಾಕಿದಂಗ.

ಲೆಕ್ಕದ ಪುಸ್ತಕ

ಆ ಗೆರೆ ಎಳೆದ ಜಾಗದಲ್ಲಿ ಗಿರಾಕಿಯ ಸಹಿ, ತಾರೀಖು ಹಾಕಿಸಿಕೊಳ್ಳಿ. ಮಾರಿದ ಮಾಲಿನ ಬಾಕಿಗೆ ಕಾಲಮಿತಿ ಕಾಯ್ದೆ 1963ರ ಪ್ರಕಾರ 3 ವರ್ಷದ ಮಿತಿ ಇದೆ. ಆ 3 ವರ್ಷ ಮುಗಿಯುವ ಮುಂಚೆ ಬಾಕಿ ಇದೆ ಎಂದು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. 500, 1,000ದ ಬಾಕಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಆದರೆ ಹೋಟೆಲು, ಮೆಸ್ಸು, ಅಡುಗೆ ಕಾಂಟ್ರ್ಯಾಕ್ಟರ ಬಾಕಿ 40-50 ಸಾವಿರ ಇರುತ್ತದೆ, ಅಲ್ಲಿ ಇದು ಬೇಕೇ ಬೇಕು.

ಹಾಗೇ ಒಂದು ತಪ್ಪು ತಿಳಿವಳಿಕೆ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇದ್ದರೆ ಮಾಲು ತಗೊಂಡವರು 45 ದಿನದೊಳಗೆ ದುಡ್ಡು ಕೊಡಲೇಬೇಕು, ತಡವಾದರೆ ಬಡ್ಡಿ ಕೇಳಬಹುದು ಎಂದು ಕೆಲವರು ಹೇಳುತ್ತಾರೆ. ಸಣ್ಣ ಉದ್ದಿಮೆಗಳ 2006ರ ಎಂಎಸ್ಎಂಇಡಿ ಕಾಯ್ದೆಯ ಆ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಮಾಲು ತಂದು ಮಾರುವ ವ್ಯಾಪಾರಿಗಳನ್ನು 2021ರಲ್ಲಿ ಉದ್ಯಮ್ ಒಳಗೆ ಸೇರಿಸಿದ್ದು ಆದ್ಯತಾ ವಲಯದ (ಬ್ಯಾಂಕುಗಳು ಇಂತಿಷ್ಟು ಪಾಲು ಕೊಡಲೇಬೇಕಾದ ವಲಯದ) ಸಾಲಕ್ಕಾಗಿ ಮಾತ್ರ. ನಿಮ್ಮದು ಅಂಗಡಿಯ ಜೊತೆ ಹಿಟ್ಟಿನ ಗಿರಣಿ, ಎಣ್ಣೆ ಗಾಣ ಇದ್ದರೆ ಅದರ ಲೆಕ್ಕ ಬೇರೆ ಇಡಿ, ಅದಕ್ಕೆ ಅನ್ವಯಿಸುತ್ತದೆ.

ನಿವೃತ್ತ ಫೀಲ್ಡ್ ಆಫೀಸರ್

ಸಾಲದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಕ್ಯಾಶ್ ಕ್ರೆಡಿಟ್ (ಸಿಸಿ) ಖಾತೆ, ಅಂದರೆ ಮಿತಿಯೊಳಗೆ ಬೇಕಾದಾಗ ಎತ್ತಿ ಬಂದಾಗ ಕಟ್ಟುವ ಸಾಲದ ಖಾತೆ ಇರುವವರು ಅರಿವಿಲ್ಲದೆ ಮಾಡುವ ಒಂದು ತಪ್ಪಿದೆ. ಯುಪಿಐ ಕ್ಯೂಆರ್ ಬೇರೊಂದು ಬ್ಯಾಂಕಿನ ಉಳಿತಾಯ ಖಾತೆಗೆ ಜೋಡಿಸಿರುತ್ತಾರೆ. ವ್ಯಾಪಾರದ ದುಡ್ಡೆಲ್ಲ ಅಲ್ಲಿಗೆ ಹೋಗುತ್ತದೆ, ಸಿಸಿ ಖಾತೆಯಲ್ಲಿ ಜಮೆಯೇ ಕಾಣುವುದಿಲ್ಲ. 90 ದಿನ ಜಮೆ ಇಲ್ಲದಿದ್ದರೆ, ಅಥವಾ ಬಂದ ಜಮೆ ಹಾಕಿದ ಬಡ್ಡಿಗೂ ಸಾಲದಿದ್ದರೆ ಆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಅಂಗಡಿ ಚೆನ್ನಾಗಿ ನಡೆಯುತ್ತಿದ್ದರೂ ಆಗುತ್ತದೆ. ಕ್ಯೂಆರ್ ಅನ್ನು ಸಿಸಿ ಖಾತೆಗೇ ಜೋಡಿಸಿ. ದಿನದ ಜಮೆಯಿಂದ ಬಡ್ಡಿಯೂ ಇಳಿಯುತ್ತದೆ.

ಎರಡನೆಯದು, ಕಂತು ಕಟ್ಟಲು ಆಗುವುದಿಲ್ಲ ಎಂದು ಗೊತ್ತಾದ ತಿಂಗಳೇ ಬ್ಯಾಂಕಿಗೆ ಲಿಖಿತ ಅರ್ಜಿ ಕೊಡಿ. ಸಣ್ಣ ಉದ್ದಿಮೆಗಳ ಪುನಶ್ಚೇತನಕ್ಕೆಂದೇ ರಿಸರ್ವ್ ಬ್ಯಾಂಕಿನ 2016ರ ಚೌಕಟ್ಟು ಇದೆ, ಸಾಲಗಾರ ತಾನೇ ಮುಂದಾಗಿ ಅದರಡಿ ಕೇಳಬಹುದು. ಅರ್ಜಿಯ ಜೊತೆ ಹಿಂದಿನ 12 ತಿಂಗಳ ವ್ಯಾಪಾರದ ಅಂಕಿ, ಮಾಲಿನ ಪಟ್ಟಿ, ಮುಂದಿನ 6 ತಿಂಗಳಲ್ಲಿ ಎಷ್ಟು ಕಟ್ಟಬಲ್ಲಿರಿ ಎಂಬ ಕೋಷ್ಟಕ ಇರಲಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. 90 ದಿನ ದಾಟಿದ ಮೇಲೆ ಬಂದವರಿಗೆ ಮ್ಯಾನೇಜರ್ ಮನಸ್ಸು ಮಾಡಿದರೂ ದಾರಿ ಕಿರಿದು.

ಹೊಸ ಸಾಲದ ಮಿತಿ ಕೇಳುವವರಿಗೆ: ದುಡಿಯುವ ಬಂಡವಾಳವನ್ನು ಬ್ಯಾಂಕು ಅಂದಾಜಿಸುವುದು ವಾರ್ಷಿಕ ವಹಿವಾಟಿನ ನೂರಕ್ಕೆ 20ರ ಸೂತ್ರದಲ್ಲಿ. 36 ಲಕ್ಷದ ವಹಿವಾಟು ತೋರಿಸಿದರೆ 7.2 ಲಕ್ಷದವರೆಗೆ ಕೇಳಬಹುದು. ವಹಿವಾಟು ಖಾತೆಯಲ್ಲಿ ಕಾಣಬೇಕು, ಬಾಯಲ್ಲಿ ಹೇಳಿದರೆ ಆಗದು. ಸಣ್ಣ ವ್ಯಾಪಾರಿಗಳಿಗಿರುವ ಕೇಂದ್ರದ ಮುದ್ರಾ ಸಾಲದಲ್ಲಿ ಶಿಶು 50,000, ಕಿಶೋರ 5 ಲಕ್ಷ, ತರುಣ 10 ಲಕ್ಷದವರೆಗೆ, ಅಡಮಾನ ಬೇಡ.

ದಯವಿಟ್ಟು ದಿನದ ಕಲೆಕ್ಷನ್ ಸಾಲಕ್ಕೆ ಕೈಹಾಕಬೇಡಿ. 10,000 ಎಂದು ಹೇಳಿ 9,000 ಕೈಗೆ ಕೊಟ್ಟು ದಿನಕ್ಕೆ 100ರಂತೆ 100 ದಿನ ವಸೂಲು ಮಾಡುತ್ತಾರೆ. ಸಾವಿರ ತಾನೇ ಅನ್ನಿಸುತ್ತದೆ. ಆದರೆ ಅಸಲು ದಿನದಿನ ಕರಗುವುದರಿಂದ ನಿಮ್ಮ ಕೈಯಲ್ಲಿ ಸರಾಸರಿ ಇರುವುದು 4,500. ವರ್ಷಕ್ಕೆ ಎಣಿಸಿದರೆ ಬಡ್ಡಿ ನೂರಕ್ಕೆ 80ರ ಆಸುಪಾಸು. ನೂರಕ್ಕೆ 12 ಉಳಿಯುವ ವ್ಯಾಪಾರ ಇದನ್ನು ಹೊರಲಾರದು.

ಸಂಜೆ ವ್ಯಾಪಾರ

ಹುಡುಗನನ್ನ ಬಿಡಿಸೋ ವಿಷಯ ಯಾರೂ ಮುಟ್ಟಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಹೆಜ್ಜೆಯಾಗಬೇಕು. 9,000 ಉಳಿಯುತ್ತೆ ನಿಜ. ಆದರೆ ಮಾಲಕರು ಒಬ್ಬರೇ ನಿಂತಾಗ ಖರೀದಿಗೆ, ವಸೂಲಿಗೆ, ಬ್ಯಾಂಕಿಗೆ ಹೋಗೋಕೆ ಆಗಲ್ಲ, ಹೋದರೆ ಬಾಗಿಲು ಹಾಕಬೇಕು. ಸಂಜೆ 6ರಿಂದ 8ರ ಗದ್ದಲದಲ್ಲಿ ತೂಕ ಮಾಡೋ ಕೈ ಒಂದೇ ಆದರೆ ಕಾಯೋ ಗಿರಾಕಿ ಹೊರಟುಹೋಗ್ತಾರೆ.

ಮೊದಲು ಹೀಗೆ ನೋಡಿ. ಒಂದು ವಾರ ಗಲ್ಲಾಪೆಟ್ಟಿಗೆ ಪಕ್ಕ ಹಾಳೆ ಇಟ್ಟು ಗಂಟೆಗೊಮ್ಮೆ ಆದ ವ್ಯಾಪಾರ ಬರೆಯಿರಿ. ಹೆಚ್ಚಿನ ಕಡೆ ಮಧ್ಯಾಹ್ನ 1ರಿಂದ 4ರವರೆಗೆ ಏನೂ ಇರಲ್ಲ. ಆ ಹೊತ್ತು ಹುಡುಗನನ್ನ ವಸೂಲಿಗೋ, ಹೋಟೆಲು ಮೆಸ್ಸುಗಳ ಆರ್ಡರ್ ತರೋಕೋ ಕಳಿಸಿ, ಇಲ್ಲವೇ ಅವನ ಜೊತೆ ಮಾತಾಡಿ ಅರ್ಧ ದಿನದ ಲೆಕ್ಕ ಮಾಡಿಕೊಳ್ಳಿ.

ಕರೆಂಟಿನಲ್ಲಿ ಉಳಿಸೋಕೆ ಜಾಗ ಇದೆ. ರಾತ್ರಿ ಬೇರೆಲ್ಲ ಆರಿಸಿ ತಂಪು ಪಾನೀಯದ ಕೂಲರ್ ಒಂದನ್ನೇ ಬಿಟ್ಟು ಮೀಟರ್ ಓದಿ, ಬೆಳಿಗ್ಗೆ ಮತ್ತೆ ಓದಿ. ರಾತ್ರಿ ಬಾಗಿಲು ತೆಗೆಯೋದಿಲ್ಲವಾದ್ದರಿಂದ ಹಗಲಿಗೆ ಇನ್ನೂ ಹೆಚ್ಚು ಅಂತ ಹಿಡಿಯಿರಿ. ದಿನಕ್ಕೆ ಉರಿದ ಯೂನಿಟ್‌ನ ಖರ್ಚು ಆ ಕೂಲರಿನಿಂದ ಬರೋ ಲಾಭಕ್ಕಿಂತ ಹೆಚ್ಚಿದ್ದರೆ ಚಳಿಗಾಲದ ಮೂರು ತಿಂಗಳು ಆರಿಸಿಬಿಡಿ. ಬಾಗಿಲ ರಬ್ಬರ್ ಸಡಿಲವಿದ್ದರೆ ಕಂಪ್ರೆಸರ್ ನಿಲ್ಲೋದೇ ಇಲ್ಲ. ನೋಟೊಂದನ್ನ ಬಾಗಿಲಲ್ಲಿ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ. ಮಂಜೂರಾದ ಲೋಡ್ ಬಳಕೆಗಿಂತ ಹೆಚ್ಚಿದ್ದರೆ ನಿಗದಿತ ಶುಲ್ಕ ಸುಮ್ಮನೆ ಕಟ್ಟುತ್ತಿರ್ತೀರಿ, ಇಳಿಸೋಕೆ ಅರ್ಜಿ ಹಾಕಬಹುದು.

ಚಳ್ಳಕೆರೆ ದಿನಸಿ

ಸಣ್ಣ ಅಳತೆಗೆ ಬೇಳೆ, ಸಕ್ಕರೆಯನ್ನ 100, 200 ಗ್ರಾಂ ಪೊಟ್ಟಣ ಕಟ್ಟಿ ಇಟ್ಟರೆ ಆಗುತ್ತಾ? ಜಿಎಸ್‌ಟಿ ತಕರಾರು ಬರುತ್ತಾ?

ಲೆಕ್ಕದ ಪುಸ್ತಕ

ಗಿರಾಕಿಯ ಎದುರು ತೂಗಿ ಕಟ್ಟಿಕೊಟ್ಟರೆ ತೊಂದರೆಯಿಲ್ಲ. ಮೊದಲೇ ಕಟ್ಟಿ ಸಾಲಾಗಿ ಇಟ್ಟರೆ ಅದು ಪೊಟ್ಟಣದ ಮಾಲು: ಕಟ್ಟಿದವರ ಹೆಸರು ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ತಿಂಗಳು ವರ್ಷ, ದೂರಿಗೆ ಫೋನ್ ನಂಬರ್ ಎಲ್ಲ ಮೇಲಿರಬೇಕು. ಅಕ್ಕಿ, ಬೇಳೆ, ಹಿಟ್ಟು ಬಿಡಿಯಾಗಿ ಮಾರಿದರೆ ತೆರಿಗೆ ಇಲ್ಲ, 25 ಕೆಜಿವರೆಗಿನ ಲೇಬಲ್ ಪ್ಯಾಕಿಗೆ 2022ರ ಜುಲೈ 18ರಿಂದ ನೂರಕ್ಕೆ 5 ಇದೆ. ತೂಗಿ ಕೊಡುವುದೇ ಒಳ್ಳೆಯದು. ಎಲೆಕ್ಟ್ರಾನಿಕ್ ತಕ್ಕಡಿಯ ಮುದ್ರೆ ವರ್ಷಕ್ಕೊಮ್ಮೆ ಹಾಕಿಸುವುದು ಮರೆಯಬೇಡಿ.

ಈ ಅಂಗಡಿಯ ವಹಿವಾಟು ಇಳಿದ ಮೇಲೂ ವರ್ಷಕ್ಕೆ 33 ಲಕ್ಷ ದಾಟುತ್ತದೆ, ಹಳೆಯ ಲೆಕ್ಕದಲ್ಲಿ 48 ಲಕ್ಷ. ಕರ್ನಾಟಕದಲ್ಲಿ ಸರಕಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ, ಆ ಎಣಿಕೆಯಲ್ಲಿ ತೆರಿಗೆ ಇಲ್ಲದ ಮಾಲೂ ಸೇರುತ್ತದೆ. ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿಯಾದ ಕಾಂಪೋಸಿಷನ್‌ನಲ್ಲಿ ವ್ಯಾಪಾರಿ ಕಟ್ಟುವುದು ತೆರಿಗೆಯುಳ್ಳ ಮಾಲಿನ ವಹಿವಾಟಿಗೆ ಮಾತ್ರ ನೂರಕ್ಕೆ 1, ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಖರೀದಿಯ ತೆರಿಗೆ ಹಿಂದೆ ಸಿಗುವುದೂ ಇಲ್ಲ. ಹಾಗಾಗಿ ಬಿಡಿ ಅಕ್ಕಿ, ಬೇಳೆ, ತರಕಾರಿಯ ಖರೀದಿ ಬಿಲ್ಲು ಎತ್ತಿಡಿ. 2025ರ ಜುಲೈನಲ್ಲಿ ಯುಪಿಐ ಜಮೆಯ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ, ಯಾವ ಜಮೆ ತೆರಿಗೆಯಿಲ್ಲದ ಮಾಲಿನದು, ಯಾವುದು ಮನೆಯ ಕೈಸಾಲ ಎಂದು ಬೇರ್ಪಡಿಸಲು ಬೇಕಾದದ್ದು ಇಂಥ ಕಾಗದಗಳೇ. ಮನೆಯ ಯುಪಿಐ ಬೇರೆ ನಂಬರಿನಲ್ಲಿರಲಿ.

ಸಗಟು ಸಾಲು

ಕೊನೇದಾಗಿ ಕೂಡಿ ಖರೀದಿ. ನಾಲ್ಕೈದು ಅಂಗಡಿಯವರು ಸೇರಿ ಸಕ್ಕರೆ, ಎಣ್ಣೆ ಡಬ್ಬ, ತೊಗರಿಬೇಳೆ ಮಂಡಿಯಿಂದ ಒಟ್ಟಿಗೆ ತಂದರೆ ರೇಟಿನಲ್ಲೂ ಗಾಡಿ ಬಾಡಿಗೆಯಲ್ಲೂ ಉಳಿಯುತ್ತೆ, ಒಬ್ಬೊಬ್ಬರೂ ಹದಿನೈದು ದಿನದ್ದಷ್ಟೇ ಎತ್ತಬಹುದು. ಇದು ಮುರಿದುಬೀಳೋದು ಎರಡೇ ಕಾರಣಕ್ಕೆ: ಒಬ್ಬ ಆಮೇಲೆ ಕೊಡ್ತೀನಿ ಅಂದದ್ದು, ತೂಕದಲ್ಲಿ ಕಮ್ಮಿ ಬಂದದ್ದು. ಗಾಡಿ ಹೊರಡೋ ಹಿಂದಿನ ಸಂಜೆ 7ರೊಳಗೆ ದುಡ್ಡು ಹಾಕದವರ ಹೆಸರು ಆ ಸಲ ಪಟ್ಟಿಯಲ್ಲಿ ಇರಬಾರದು, ಎಷ್ಟೇ ಬೇಕಾದವರಾದರೂ. ಚೀಲ ಇಳಿಸುವಾಗಲೇ ಎಲ್ಲರ ಎದುರು ತೂಗಿ, ಖಾಲಿ ಚೀಲದ ತೂಕ ಕಳೆದು ಬರೆಯಿರಿ. 50 ಕೆಜಿ ಸಕ್ಕರೆ ಬಿಡಿಯಾಗಿ ಹಂಚುವಾಗ ಒಂದಿಷ್ಟು ಉದುರೇ ಉದುರುತ್ತೆ, ಅದನ್ನ ಐವರಿಗೂ ಸಮ ಹಾಕಿ.

ಬ್ಯಾಡಗಿ ಪ್ಯಾಟಿ

ಬ್ಯಾಳಿ ಮಾದರಿ ನೋಡಿದಾಗ ಒಂದ ಮುಷ್ಟಿ ಚೀಟಿನಾಗ ಕಟ್ಟಿ ಕಿಸೆದಾಗ ಇಟಗೋರಿ, ಚೀಲ ಬಂದ ಮ್ಯಾಲೆ ಅದರ ಜೋಡಿ ಅಂಗೈಯಾಗ ಹಾಕಿ ನೋಡ್ರಿ. ಮ್ಯಾಲಿನ ಚೀಲ ಅಲ್ಲ, ತಳದ ಚೀಲಾ ಬಿಚ್ಚಿಸಿ ನೋಡ್ರಿ. ಬಣ್ಣ ಮಾಸಿತ್ತು, ನುಚ್ಚು ಜಾಸ್ತಿ ಇತ್ತು ಅಂದ್ರ ಹಮಾಲರು ಇಳಸೂಕಿನ ಮೊದಲ ಫೋನ್ ಹಚ್ರಿ. ಇಳಿಸಿದ ಮ್ಯಾಲೆ ಮಂಡಿಯವ್ರು ಕೇಳಂಗಿಲ್ಲ.